ಗ್ಯಾರೇಜಿಗೆ ಓಡುವ ಮೊದಲು ಗಾಳಿಯ ದಾರಿ ನೋಡಿ

ನಮ್ಮ ಜೋಯಿಡಾ ಸೀಮೆಯಲ್ಲಿ ಪಿಕಪ್ ಗಾಡಿಗೆ ಒಂದೇ ಕೆಲಸ ಅಂತಿಲ್ಲ. ಬೆಳಗ್ಗೆ ಗೊಬ್ಬರ ಹೊರುತ್ತದೆ. ಮಧ್ಯಾಹ್ನ ಅಡಿಕೆ ಚೀಲ. ಮದುವೆ ಇದ್ದರೆ ದಿಬ್ಬಣ. ರಾತ್ರಿ ಹೊತ್ತು ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಅದೇ ಆಂಬುಲೆನ್ಸು.

2023ರ ಮಳೆಗಾಲದ ಒಂದು ರಾತ್ರಿ ಪಕ್ಕದ ಕುಣಬಿ ಕೇರಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಬಂತು. ದಾಂಡೇಲಿಗೆ ಒಯ್ಯಬೇಕು. ಹಿಂದೆ ಆರು ಜನ, ಮುಂದೆ ಅವಳು ಮತ್ತು ಅತ್ತೆ. ಊರಿನ ಏರು ಅರ್ಧ ಹತ್ತುವಷ್ಟರಲ್ಲಿ ಗಾಡಿ ಉಸಿರು ಬಿಟ್ಟಿತು. ಎಕ್ಸಿಲೇಟರ್ ಪೂರ್ತಿ ಒತ್ತಿದರೂ ಇಂಜಿನ್ ಗುರುಗುಟ್ಟುತ್ತದೆಯೇ ಹೊರತು ಎಳೆಯುವುದಿಲ್ಲ. ಎದುರಿನ ಬೋರ್ಡಿನಲ್ಲಿ ಹಳದಿ ದೀಪ, ಹಿಂದೆ ಕರಿ ಹೊಗೆ. ಗಂಡಸರನ್ನೆಲ್ಲ ಮಳೆಯಲ್ಲೇ ಇಳಿಸಿ, ಫಸ್ಟ್ ಗೇರಿನಲ್ಲಿ ತೆವಳಿಕೊಂಡು ಏರು ದಾಟಿದೆವು. ದಾಂಡೇಲಿ ಮುಟ್ಟಿದಾಗ ಬೆಳಗಾಗಿತ್ತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಆ ಅತ್ತೆ ಇಳಿಯುವಾಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಮ್ಮ ಎತ್ತಿನ ಗಾಡಿನೇ ಹತ್ತತಿತ್ತಲ್ರೀ ಹೆಗಡೇರೆ."

ನನಗೆ ನಾಚಿಕೆಯಾಗಲು ಇನ್ನೊಂದು ಕಾರಣವಿತ್ತು. ಅದೇ ಗಾಡಿಗೆ ಒಂದು ವರ್ಷದೊಳಗೆ ಎರಡು ಸಲ 'ಕಾರ್ಬನ್ ಕ್ಲೀನಿಂಗ್' ಮಾಡಿಸಿದ್ದೆ. ಎರಡೂ ಸೇರಿ ಒಂಬತ್ತು ಸಾವಿರ ರೂಪಾಯಿ. ಬಿಲ್ಲು ಇದೆ. ಇಂಜಿನ್ನಿನಿಂದ ಏನು ತೆಗೆದರು, ಎಲ್ಲಿಂದ ತೆಗೆದರು, ಅದು ಯಾಕೆ ಕಟ್ಟಿತ್ತು, ಈ ಮೂರನ್ನೂ ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ತಪ್ಪು ಗ್ಯಾರೇಜಿನದು ಮಾತ್ರ ಅಂತ ನಾನು ಹೇಳುವುದಿಲ್ಲ. ಗಿಡದ ಎಲೆ ಹಳದಿಯಾದರೆ ಬುಡ ಕೆದಕಿ ನೋಡುವ ನಾವು, ಇಂಜಿನ್ ಹೊಗೆ ಕಾರಿದರೆ ಮಾತ್ರ ಕೀಲಿಕೈ ಕೊಟ್ಟು ಚಹಾ ಕುಡಿಯಲು ಹೋಗುತ್ತೇವೆ. ಈ ಲೇಖನ ಆ ಚಟದ ವಿರುದ್ಧ.

ಬಿಚ್ಚಿದಾಗ ಕಂಡದ್ದು

ಹಿಂದೆ ನಾಟಾ ಲಾರಿಗಳ ಕೆಲಸ ಮಾಡುತ್ತಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು ದಾಂಡೇಲಿಯಲ್ಲಿದ್ದಾರೆ. ಅವರಲ್ಲಿಗೆ ಹೋದೆ. ಅವರು ಮೊದಲು ಬಾಟಲಿಯನ್ನೂ ಮುಟ್ಟಲಿಲ್ಲ, ಸ್ಪ್ಯಾನರನ್ನೂ ಮುಟ್ಟಲಿಲ್ಲ. ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮೇಲೆ ಕೈಯಾಡಿಸಿದರು. ಅಡಿಭಾಗದಲ್ಲಿ ಬೆರಳುದ್ದ ಸೀಳು! ಮೇಲಿನಿಂದ ಕಾಣುವುದೇ ಇಲ್ಲ. ಪೈಪಿನೊಳಗೆ ಬೆರಳು ಹಾಕಿ ತೆಗೆದರೆ ಎಣ್ಣೆಯಲ್ಲಿ ಕಲಸಿದ ಕೆಂಪು ಧೂಳು.

"ನೋಡ್ರಿ, ಫಿಲ್ಟರ್ ಹೊಸಾದು ಹಾಕೀರಿ. ಗಾಳಿ ಮಾತ್ರ ಕಿಟಕೀಲಿಂದ ಒಳಗ ಹೊಂಟೈತಿ" ಅಂದರು.

ಆಮೇಲೆ ಮ್ಯಾನಿಫೋಲ್ಡ್ ಬಿಚ್ಚಿದರು. ಅಂದರೆ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಕವಲು ಕೊಳವೆ. ಅದರ ಬಾಯಿ ಅರ್ಧಕ್ಕರ್ಧ ಮುಚ್ಚಿತ್ತು. ಒಳಗೆ ಕರಿ ಡಾಂಬರಿನಂಥ ಜಿಡ್ಡು, ಚಾಕುವಿನಿಂದ ಕೆರೆದರೆ ಹೋಳು ಹೋಳಾಗಿ ಬರುತ್ತಿತ್ತು. ಎರಡು ಸಲ 'ಕ್ಲೀನ್' ಆದ ಇಂಜಿನ್ನಿನ ಗತಿ ಇದು.

ಮಸಿ ಗಾಳಿಯ ದಾರಿಗೆ ಬಂದದ್ದು ಹೇಗೆ?

ಮಸಿ ಹೊಗೆಯ ಕೊಳವೆಯಲ್ಲಿ ಕಟ್ಟಿದರೆ ಅರ್ಥವಾಗುತ್ತದೆ. ಗಾಳಿ ಒಳಗೆ ಬರುವ ಕಡೆ ಹೇಗೆ ಕಟ್ಟುತ್ತದೆ? ನನಗೂ ಇದೇ ಪ್ರಶ್ನೆ ಬಂತು.

ಉತ್ತರ ಹೊಗೆ ನಿಯಮಗಳಲ್ಲಿದೆ. ಹಳೇ ಜೀಪು, ಹಳೇ ಟ್ರ್ಯಾಕ್ಟರು, ನಮ್ಮ ಡೀಸೆಲ್ ಪಂಪ್‌ಸೆಟ್ಟು ಇವೆಲ್ಲ ಗಾಳಿ ಎಳೆದು ಹೊಗೆ ಬಿಡುತ್ತವೆ, ಅಷ್ಟೇ. ಆಮೇಲೆ ಬಂದ ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ 'ಇಜಿಆರ್' ಎಂಬ ವಾಲ್ವು ಇರುತ್ತದೆ. ಅದು ಹೊಗೆಯ ಒಂದು ಪಾಲನ್ನು ತಿರುಗಿ ಗಾಳಿಯ ಜೊತೆ ಇಂಜಿನ್ನಿಗೇ ಕಳಿಸುತ್ತದೆ. ಇದು ಹುಚ್ಚಾಟವಲ್ಲ. ಉರಿ ತೀರಾ ಬಿಸಿಯಾದರೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ, ಶ್ವಾಸಕೋಶಕ್ಕೆ ಕೆಡುಕಾದ ಅನಿಲ ಆಗುತ್ತದೆ. ಉರಿದು ಮುಗಿದ ಹೊಗೆಯನ್ನು ಸ್ವಲ್ಪ ಬೆರೆಸಿದರೆ ಉರಿಯ ಕಾವು ಇಳಿಯುತ್ತದೆ, ಆ ಅನಿಲವೂ ಕಡಿಮೆಯಾಗುತ್ತದೆ. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿ.ಎಸ್.-4, 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಬಂತು. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಬಿಗಿಯಾದ ನಿಯಮ ಬಂದಿದೆ. ಅಂದಮೇಲೆ ಇದು ಪಿಕಪ್ ಇದ್ದವರ ತಲೆನೋವು ಮಾತ್ರವಲ್ಲ.

ತಿರುಗಿ ಬಂದ ಹೊಗೆಯಲ್ಲಿ ಒಣ ಮಸಿ ಇರುತ್ತದೆ. ಒಣ ಮಸಿ ಒಂದೇ ಆಗಿದ್ದರೆ ಬಹಳಷ್ಟು ಗಾಳಿಗೆ ಹಾರಿ ಹೋಗುತ್ತಿತ್ತು. ಆದರೆ ಇನ್ನೊಂದು ದಾರಿಯಿಂದ ಎಣ್ಣೆಯ ಆವಿ ಬರುತ್ತದೆ. ಇಂಜಿನ್ನಿನ ಹೊಟ್ಟೆಯಲ್ಲಿ, ಅಂದರೆ ಆಯಿಲ್ ಇರುವ ಜಾಗದಲ್ಲಿ, ಪಿಸ್ಟನ್ ರಿಂಗ್ ದಾಟಿ ನುಸುಳಿದ ಅನಿಲ ಸೇರುತ್ತಿರುತ್ತದೆ. ಅದನ್ನು ಹೊರಗೆ ಬಿಡುವ ಕೊಳವೆಗೆ ಬ್ರೀದರ್ ಅನ್ನುತ್ತಾರೆ. ಹಳೇ ಇಂಜಿನ್ನಿನಲ್ಲಿ ಅದು ನೇರ ಬಯಲಿಗೆ ತೆರೆದಿರುತ್ತಿತ್ತು. ಈಗ ಅದನ್ನೂ ಗಾಳಿಯ ದಾರಿಗೇ ಜೋಡಿಸಿರುತ್ತಾರೆ.

ಮಸಿ ಮತ್ತು ಎಣ್ಣೆ ಕೂಡಿದರೆ ಏನಾಗುತ್ತದೆ ಅಂತ ನಮ್ಮ ಹೆಂಗಸರನ್ನು ಕೇಳಿ. ಬಚ್ಚಲ ಒಲೆಯ ಮೇಲಿನ ಇಲ್ಲಣವನ್ನು ಪೊರಕೆಯಲ್ಲಿ ಹೊಡೆದರೆ ಉದುರುತ್ತದೆ. ಅಡಿಗೆ ಒಲೆಯ ಮೇಲಿನ ಇಲ್ಲಣ ಉದುರುವುದಿಲ್ಲ. ಒಗ್ಗರಣೆಯ ಎಣ್ಣೆ ಆವಿ ಕುಡಿದು ಅದು ಅಂಟಾಗಿರುತ್ತದೆ. ಮ್ಯಾನಿಫೋಲ್ಡಿನಲ್ಲಿ ಇರುವುದು ಈ ಎರಡನೇ ಜಾತಿಯ ಇಲ್ಲಣ. ನನ್ನ ಗಾಡಿಯಲ್ಲಿ ಅದಕ್ಕೆ ಜೋಯಿಡಾದ ಕೆಮ್ಮಣ್ಣಿನ ಧೂಳೂ ಸೇರಿತ್ತು.

ನಮ್ಮ ಓಡಾಟವೇ ಅದಕ್ಕೆ ಹದ

ಇಂಜಿನ್ ಚೆನ್ನಾಗಿ ಕಾದು, ಭಾರ ಎಳೆದು, ಒಂದೇ ಸಮನೆ ಓಡಿದರೆ ಮಸಿ ಕಡಿಮೆ. ಕಾಯುವ ಮೊದಲೇ ಆರಿಸಿದರೆ, ಭಾರವಿಲ್ಲದೆ ಗುರ್ರೆನಿಸಿ ನಿಲ್ಲಿಸಿಕೊಂಡರೆ ಮಸಿ ಹೆಚ್ಚು. ಹಸಿ ಕಟ್ಟಿಗೆಯ ಒಲೆಗೂ ಒಣ ಕಟ್ಟಿಗೆಯ ಒಲೆಗೂ ಇರುವ ವ್ಯತ್ಯಾಸ.

ಈಗ ನಮ್ಮ ನಾಲ್ಕು ಕಡೆಯ ಓಡಾಟ ನೋಡಿ. ಜೋಯಿಡಾದಲ್ಲಿ ಮನೆಯಿಂದ ತೋಟ, ತೋಟದಿಂದ ಡಾಂಬರು ರಸ್ತೆಯವರೆಗೆ ಕಚ್ಚಾ ದಾರಿ, ನಡಿಗೆಯ ವೇಗ. ದಾಂಡೇಲಿಯಲ್ಲಿ ಪ್ರವಾಸಿಗರನ್ನು ಕಾಡು ತೋರಿಸಲು ಒಯ್ಯುವ ಜೀಪುಗಳದ್ದೂ ಅದೇ ಆಮೆ ನಡಿಗೆ. ಹಳಿಯಾಳದಲ್ಲಿ ಕಬ್ಬಿನ ಹಂಗಾಮು ಬಂದರೆ ಕಾರ್ಖಾನೆ ಎದುರು ಟ್ರ್ಯಾಕ್ಟರುಗಳ ಸಾಲು. ಸಾಲು ಎರಡು ಮಾರು ಸರಿಯುತ್ತದೆ, ನಿಲ್ಲುತ್ತದೆ. ಇಂಜಿನ್ ಮಾತ್ರ ಆರುವುದೇ ಇಲ್ಲ. ಮುಂಡಗೋಡದಲ್ಲಿ ಗೋವಿನಜೋಳ ಒಕ್ಕುವ ಕಾಲಕ್ಕೆ ಮಷಿನ್ನಿನ ಪಕ್ಕವೇ ಟ್ರ್ಯಾಕ್ಟರು. ಹೊಟ್ಟು, ಧೂಳು ಸೀದಾ ಏರ್ ಕ್ಲೀನರಿನ ಬಾಯಿಗೆ.

ಆದರೆ ಸರ್ವೀಸ್ ಪುಸ್ತಕದಲ್ಲಿ ಪಿಕಪ್ಪಿನ ಲೆಕ್ಕ ಇರುವುದು ಕಿಲೋಮೀಟರಿನಲ್ಲಿ. ಹೆದ್ದಾರಿಯಲ್ಲಿ ಒಂದು ತಾಸಿಗೆ ಅರವತ್ತು ಕಿ.ಮೀ. ಓಡುವ ಗಾಡಿಗೂ, ತೋಟದ ದಾರಿಯಲ್ಲಿ ಒಂದು ತಾಸಿಗೆ ಹತ್ತು ಕಿ.ಮೀ. ತೆವಳುವ ಗಾಡಿಗೂ ಒಂದೇ ಲೆಕ್ಕ! ನಮ್ಮ ಇಂಜಿನ್ ಆರು ಪಟ್ಟು ಹೊತ್ತು ದುಡಿದಿರುತ್ತದೆ, ಮೀಟರ್ ಮಾತ್ರ ಅದನ್ನು ಹೇಳುವುದಿಲ್ಲ. ಆ ಪುಸ್ತಕದಲ್ಲೇ 'ಧೂಳಿನ, ಕಠಿಣ ಬಳಕೆಗೆ ಇನ್ನೂ ಬೇಗ' ಎಂಬರ್ಥದ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮದು ಆ ಸಾಲಿನ ಗಾಡಿ.

ಬಾಟಲಿಯ ಮಾಯೆ

ಡೀಸೆಲ್ ಟ್ಯಾಂಕಿಗೆ ಸುರಿಯುವ ಬಾಟಲಿ ಮಾರುತ್ತಾರೆ. 'ಇಂಜಿನ್ನಿನ ಕಾರ್ಬನ್ ಎಲ್ಲ ಕರಗುತ್ತದೆ' ಅನ್ನುತ್ತಾರೆ. ಸ್ವಲ್ಪ ಯೋಚಿಸಿ. ಡೀಸೆಲ್ ಇಂಜಿನ್ನಿನಲ್ಲಿ ಇಂಧನ ಹೋಗುವುದು ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ನಾಝಲಿಗೆ, ನಾಝಲಿನಿಂದ ನೇರ ಉರಿಯುವ ಜಾಗಕ್ಕೆ. ಗಾಳಿಯ ಕೊಳವೆಯನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟದ ಜಾಗವನ್ನು ತೊಳೆಯುವುದು ಹೇಗೆ? ನಾಝಲಿಗೆ ಅದರಿಂದ ಉಪಕಾರ ಆಗಬಹುದು, ಮ್ಯಾನಿಫೋಲ್ಡಿಗೆ ಇಲ್ಲ. ಇಷ್ಟು ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ತೋಟಕ್ಕೆ ನೀರು ಯಾವ ಕಪ್ಪಿನಲ್ಲಿ ಹೋಗುತ್ತದೆ ಅಂತ ಬಲ್ಲವನಿಗೆ ಇದೂ ತಿಳಿಯುತ್ತದೆ.

ಪೆಟ್ರೋಲ್ ಕಾರಿನ ಕತೆ ಬೇರೆ. ಸಾಧಾರಣ ಕಾರುಗಳಲ್ಲಿ ಪೆಟ್ರೋಲು ಗಾಳಿಯ ದಾರಿಯಲ್ಲೇ ಸಿಂಪಡಣೆಯಾಗಿ, ವಾಲ್ವಿನ ಬೆನ್ನನ್ನು ತೊಳೆಯುತ್ತಾ ಒಳಗೆ ಹೋಗುತ್ತದೆ. ಹಾಗಾಗಿ ಅಲ್ಲಿ ಮಸಿ ಕಮ್ಮಿ. ಅವುಗಳಲ್ಲಿ ಮುಖ್ಯವಾಗಿ ಜಿಡ್ಡು ಹಿಡಿಯುವುದು ಗಾಳಿ ಬಿಡುವ ತಟ್ಟೆಯ ಸುತ್ತ. ಅದಕ್ಕೆಂದೇ ಇರುವ ಸ್ಪ್ರೇ, ಒಂದು ಬಟ್ಟೆ ಸಾಕು. ಹೊಸ ಕಾರಿನಲ್ಲಿ ಆ ತಟ್ಟೆಯನ್ನು ತಿರುಗಿಸುವುದು ವಿದ್ಯುತ್ ಮೋಟರು. ಬೆರಳಲ್ಲಿ ಬಲವಂತ ಮಾಡಬೇಡಿ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಕೆಲವು ಕಾರುಗಳಲ್ಲಿ ಮಾತ್ರ ವಾಲ್ವಿನ ಬೆನ್ನಿಗೆ ಗಟ್ಟಿ ಮಸಿ ಕೂರುತ್ತದೆ. ಅದನ್ನು ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಉಜ್ಜುತ್ತಾರೆ. ಚಿಪ್ಪು ಮಸಿಗಿಂತ ಗಟ್ಟಿ, ಲೋಹಕ್ಕಿಂತ ಮೆದು. ಒಳ್ಳೇ ಉಪಾಯ!

ಅಪಾಯದ ಇನ್ನೊಂದು ಪದ್ಧತಿ ಇದೆ. ಇಂಜಿನ್ ಓಡುತ್ತಿರುವಾಗಲೇ ಗಾಳಿಯ ಕೊಳವೆಗೆ ಸೀಮೆಎಣ್ಣೆಯನ್ನೋ ಸ್ಪ್ರೇಯನ್ನೋ ಬಿಡುವುದು. ಡೀಸೆಲ್ ಇಂಜಿನ್ನಿಗೆ ಉರಿಯುವ ವಸ್ತು ಯಾವ ದಾರಿಯಿಂದ ಬಂದರೂ ಅದು ಇಂಧನವೇ. ಹಾಗೆ ಬಂದದ್ದನ್ನು ಕುಡಿದು ಹುಚ್ಚೆದ್ದು ಓಡಿದರೆ ಕೀಲಿಕೈ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿ ಮುಚ್ಚಿದರೆ ಮಾತ್ರ ನಿಂತೀತು. ನೀರೋ ದ್ರವವೋ ಹೆಚ್ಚು ಒಳಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಸಡಿಲಾದ ಮಸಿಯ ಹೋಳು ವಾಲ್ವಿನ ಬಾಯಿಗೆ ಸಿಕ್ಕಿದರೂ ನಷ್ಟ. ದಪ್ಪ ಕಟ್ಟಿದ ಮೇಲೆ ಒಂದೇ ಮದ್ದು: ಬಿಚ್ಚಿ, ಗಾಡಿಯಿಂದ ಹೊರಗೆ ತಂದು ತೊಳೆಯುವುದು.

ನಾವು ತೊಳೆದ ರೀತಿ

ಮಿಸ್ತ್ರಿ ಮ್ಯಾನಿಫೋಲ್ಡನ್ನೂ ಇಜಿಆರ್ ವಾಲ್ವನ್ನೂ ತೆಗೆದರು. ತೆಗೆದ ಕೂಡಲೇ ಇಂಜಿನ್ನಿನ ತೂತುಗಳಿಗೆ ಶುದ್ಧ ಬಟ್ಟೆ ತುರುಕಿದರು. ಒಂದು ನಟ್ಟು ಒಳಗೆ ಬಿದ್ದರೆ ಕೆಲಸ ಕೆಟ್ಟಿತು. ಮೊದಲು ಮರದ ಚಕ್ಕೆಯಿಂದ ಕೆರೆದು, ಆಮೇಲೆ ಡೀಸೆಲ್ಲಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿದರು. ಹೊಸ ಗ್ಯಾಸ್ಕೆಟ್, ಹೊಸ ರಬ್ಬರ್ ಪೈಪು. ಒಂದೂವರೆ ದಿನದ ಕೆಲಸ. ಹಳೇ ಪೈಪನ್ನು ನನ್ನ ಕೈಗೇ ಕೊಟ್ಟರು.

ಇಲ್ಲಿ ಎರಡು ಎಚ್ಚರಿಕೆ. ಬೀಡಿನ ಇಂಜಿನ್ ಭಾಗಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸುವ ಪದ್ಧತಿ ಇದೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ ಅದನ್ನು ಮಾಡಿದರೆ ಲೋಹವನ್ನೇ ತಿಂದುಹಾಕುತ್ತದೆ. ಇನ್ನೊಂದು, ತೊಳೆದ ಕರಿ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಜೋಯಿಡಾದ ಬಹುಪಾಲು ಹಳ್ಳ ಸೇರುವುದು ಕಾಳಿಗೆ. ಕಾಳಿಯ ನೀರು ಕೆಡಿಸಿದರು ಅಂತ ಬೇರೆಯವರ ಮೇಲೆ ಬೆರಳು ತೋರಿಸುವ ನಾವು ನಮ್ಮ ಡಬ್ಬಿಯ ಕೊಳೆಯನ್ನು ಅಲ್ಲಿಗೇ ಬಿಟ್ಟರೆ ಹೇಗೆ? ಹಳೇ ಆಯಿಲ್ ಕೊಳ್ಳುವವರಿಗೆ ಡಬ್ಬಿಯಲ್ಲೇ ಕೊಡಿ.

'ಇಜಿಆರ್ ಮುಚ್ಚಿಬಿಡಿ' ಅನ್ನುವವರಿಗೆ

"ಒಂದು ತಗಡು ಹಾಕಿ ಆ ದಾರಿಯನ್ನೇ ಮುಚ್ಚಿಬಿಡಿ, ಮಸಿಯ ಗೋಜೇ ಬೇಡ" ಎಂದು ನನಗೂ ಹಲವರು ಹೇಳಿದರು. ಹಾಗೆ ಮುಚ್ಚಿ ಓಡಿಸುವವರೂ ಇದ್ದಾರೆ. ಮುಚ್ಚಿದರೆ ಮ್ಯಾನಿಫೋಲ್ಡಿಗೆ ಮಸಿ ಬರುವುದು ನಿಲ್ಲುತ್ತದೆ, ಅದು ಸುಳ್ಳಲ್ಲ. ಆದರೂ ನಾನು ಒಪ್ಪುವುದಿಲ್ಲ. ಎಣ್ಣೆಯ ಆವಿ ಬರುವುದು ನಿಲ್ಲುವುದಿಲ್ಲ. ಹರಿದ ಪೈಪು ಹರಿದೇ ಇರುತ್ತದೆ. ಗಾಡಿಯ ಕಂಪ್ಯೂಟರ್ ಹಳದಿ ದೀಪ ಹಚ್ಚಿಟ್ಟರೆ, ನಾಳೆ ನಿಜವಾದ ದೋಷ ಬಂದಾಗ ಅದೇ ದೀಪವನ್ನು ನಂಬುವುದು ಹೇಗೆ? ಕಂಪನಿ ಕೊಟ್ಟ ರೂಪವನ್ನು ಬದಲಿಸುವುದು ಮೋಟಾರು ವಾಹನ ಕಾಯ್ದೆಗೂ ಒಪ್ಪಿಗೆಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ವಿಷಗಾಳಿಯನ್ನು ಮೊದಲು ಕುಡಿಯುವುದು ಗಾಡಿಯ ಹಿಂದೆ ಕೂತ ನಮ್ಮದೇ ಆಳುಗಳು, ನಮ್ಮದೇ ಮಕ್ಕಳು.

ನಾನು ಈಗ ಮಾಡುತ್ತಿರುವುದು

1. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಏರ್ ಫಿಲ್ಟರ್ ತೆಗೆದು ನೋಡುತ್ತೇನೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ನೆಲಕ್ಕೆ ಬಡಿಯಬಾರದು. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ.

2. ಫಿಲ್ಟರ್ ದಾಟಿದ ಮೇಲಿನ ಕೊಳವೆಯೊಳಗೆ ಬೆರಳಾಡಿಸುತ್ತೇನೆ. ಅಲ್ಲಿ ಧೂಳು ಸಿಕ್ಕರೆ ಎಲ್ಲೋ ಸೀಳಿದೆ ಅಥವಾ ಕ್ಲಿಪ್ ಕೂತಿಲ್ಲ.

3. ಟ್ರ್ಯಾಕ್ಟರ್, ಪಂಪ್‌ಸೆಟ್ಟಿನ ಎಣ್ಣೆ ಬಟ್ಟಲಿನ ಏರ್ ಕ್ಲೀನರಿನಲ್ಲಿ ಎಣ್ಣೆ ಗುರುತಿನವರೆಗೆ ಮಾತ್ರ. ಕಮ್ಮಿಯಾದರೆ ಧೂಳು ಒಳಗೆ, ಹೆಚ್ಚಾದರೆ ಎಣ್ಣೆಯೇ ಒಳಗೆ. ತಳದಲ್ಲಿ ರಾಡಿ ಕಂಡರೆ ಬದಲಿಸಬೇಕು. ಧೂಳಿನ ಕೆಲಸದಲ್ಲಿ ದಿನವೂ ನೋಡಬೇಕು.

4. ಇಂಜಿನ್ ಆಯಿಲನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳೆಯುತ್ತೇನೆ. ಮೇಲಿನ ಗುರುತು ದಾಟಿ 'ಇರಲಿ' ಎಂದು ಸುರಿದರೆ ಅದೇ ಆವಿಯಾಗಿ ಮ್ಯಾನಿಫೋಲ್ಡಿಗೆ ಬರುತ್ತದೆ.

5. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಇಂಜಿನ್ ಆರಿಸುತ್ತೇನೆ. ವಾರಕ್ಕೊಮ್ಮೆಯಾದರೂ ಡಾಂಬರು ರಸ್ತೆಯಲ್ಲಿ ಅರ್ಧ ತಾಸು ಸರಿಯಾದ ವೇಗದಲ್ಲಿ ಓಡಿಸುತ್ತೇನೆ. ಸಂತೆಗೆ ಹೇಗೂ ಹೋಗಬೇಕಲ್ಲ! ಬಿ.ಎಸ್.-6 ಡೀಸೆಲ್ ಗಾಡಿ ಇದ್ದವರಿಗೆ ಇದು ಇನ್ನೂ ಮುಖ್ಯ. ಅವುಗಳ ಹೊಗೆ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಬಿಸಿಯಾದಾಗಲೇ ಮಸಿ ಉರಿದು ಖಾಲಿಯಾಗುವುದು.

ಇವುಗಳಲ್ಲಿ ಒಂದಕ್ಕೂ ದೊಡ್ಡ ಖರ್ಚಿಲ್ಲ. ಅಂದಿನಿಂದ ಗಾಡಿ ಏರಿನಲ್ಲಿ ಸೋತಿಲ್ಲ. ಹಾಗಂತ ಮ್ಯಾನಿಫೋಲ್ಡಿಗೆ ಮಸಿ ಬರುವುದೇ ಇಲ್ಲ ಅಂತ ಅಲ್ಲ. ಇಜಿಆರ್ ಇದ್ದಲ್ಲಿ ನಿಧಾನವಾಗಿ ಬಂದೇ ಬರುತ್ತದೆ. ಬೇಗ ಬರದಂತೆ ಮಾಡುವುದು ನಮ್ಮ ಕೈಯಲ್ಲಿದೆ, ಅಷ್ಟೇ.

ನಾವು ಕೇಳಬೇಕಾದದ್ದು

ಕೊಳೆ ರೋಗ ಬಂದ ಮೇಲೆ ಬೋರ್ಡೋ ಹೊಡೆಯುವವನನ್ನು ನಾವು ಜಾಣ ಅನ್ನುವುದಿಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ದೋಟಿಯ ತುದಿಯ ನಾಝಲ್ ಕಟ್ಟಿದರೆ ಪಂಪನ್ನೇ ಬದಲಿಸುವುದಿಲ್ಲ, ಮೊದಲು ಜರಡಿ ನೋಡುತ್ತೇವೆ. ಈ ಬುದ್ಧಿ ತೋಟದಲ್ಲಿ ಇದೆ, ಗ್ಯಾರೇಜಿನ ಬಾಗಿಲಲ್ಲಿ ಮಾಯವಾಗುತ್ತದೆ. ಯಾಕೆಂದರೆ ಅಲ್ಲಿ ನಮಗೆ ಭಾಷೆ ಗೊತ್ತಿಲ್ಲ. ಪಿಕಪ್ ಕಮ್ಮಿ, ಕರಿ ಹೊಗೆ, ಮೈಲೇಜ್ ಇಳಿತ, ಇವೇ ಲಕ್ಷಣ ಕಟ್ಟಿದ ಫಿಲ್ಟರಿನದ್ದೂ ಹೌದು, ಹರಿದ ಪೈಪಿನದ್ದೂ ಹೌದು, ಕೆಟ್ಟ ನಾಝಲಿನದ್ದೂ ಹೌದು, ಮಸಿಯದ್ದೂ ಹೌದು. ನೋಡದೆ 'ಕಾರ್ಬನ್' ಎಂದು ಹೆಸರಿಟ್ಟರೆ ಅದು ನಾಡಿ ಹಿಡಿಯದೆ ಔಷಧ ಬರೆದಂತೆ.

ಹಾಗಾಗಿ ಗ್ಯಾರೇಜಿನಲ್ಲಿ ಮೂರು ಮಾತು ಕೇಳುವ ರೂಢಿ ಮಾಡೋಣ. ಮೊದಲು ಬಿಚ್ಚಿ ತೋರಿಸಿ. ತೊಳೆದ ಮೇಲೆ ಇನ್ನೊಮ್ಮೆ ತೋರಿಸಿ. ಯಾಕೆ ಕಟ್ಟಿತು ಹೇಳಿ. ಒಳ್ಳೇ ಮಿಸ್ತ್ರಿ ಇದಕ್ಕೆ ಸಿಟ್ಟಾಗುವುದಿಲ್ಲ, ಖುಷಿಪಡುತ್ತಾನೆ.

ಗಾಡಿ ಮಾರುವ ಕಂಪನಿಗಳನ್ನು ಕೇಳಬೇಕಾದದ್ದು, ಕೊಟ್ಟ ಪುಸ್ತಕ ನಮ್ಮ ಭಾಷೆಯಲ್ಲಿರಲಿ, ಮಲೆನಾಡಿನ ಓಡಾಟಕ್ಕೆ ತಾಸಿನ ಲೆಕ್ಕದಲ್ಲಿ ಸರ್ವೀಸ್ ಹೇಳಲಿ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಹಂಗಾಮಿಗೆ ಒಂದು ದಿನ ಏರ್ ಕ್ಲೀನರ್, ಆಯಿಲ್, ಬ್ರೀದರ್ ಇಷ್ಟನ್ನೇ ಬಿಚ್ಚಿ ತೋರಿಸಲಿ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಗ್ರಾಮೀಣ ಯುವಕರಿಗೆ ಸ್ವಉದ್ಯೋಗದ ತರಬೇತಿ ಕೊಡುತ್ತಾ ಬಂದಿದೆ. ಹಳ್ಳಿಗೊಬ್ಬ ಹುಡುಗ ಇಂಥ ಕೆಲಸ ಕಲಿತು ಊರಲ್ಲೇ ಉಳಿದರೆ ಅವನಿಗೂ ಅನ್ನ, ನಮಗೂ ಧೈರ್ಯ. ನಮ್ಮ ಸಹಕಾರಿ ಸಂಘಗಳು ಹುಡುಗರನ್ನು ಆರಿಸಿ ಕಳಿಸುವ ಕೆಲಸವನ್ನಾದರೂ ಮಾಡಬಹುದು.

ಆ ರಾತ್ರಿಯ ಕೂಸಿಗೆ ಈಗ ನಡಿಗೆ ಬಂದಿದೆ. ನಮ್ಮ ಅಂಗಳಕ್ಕೂ ಬರುತ್ತದೆ. ಗಾಡಿ ಚಾಲೂ ಮಾಡಿದರೆ ಓಡಿ ಬಂದು ಹತ್ತುತ್ತದೆ. ಹರಿದ ರಬ್ಬರ್ ಪೈಪನ್ನು ನಾನು ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿದ್ದೇನೆ. ಗಾಡಿಯ ಕೀಲಿಕೈ ತೂಗುಹಾಕುವುದೂ ಅದೇ ಕಂಬಕ್ಕೆ.